ಹಳೆಯ ಟಿಎಲ್‌ಆರ್ ಕ್ಯಾಮೆರಾದ ದೋಷ ಪತ್ತೆ: ಬಿಚ್ಚುವ ಮುನ್ನ ನೆಗೆಟಿವ್ ಓದಿ

ಹಳೆಯ ಅವಳಿ ಲೆನ್ಸ್ (ಟಿಎಲ್‌ಆರ್) ಕ್ಯಾಮೆರಾದಲ್ಲಿ ತೆಗೆದ ರೋಲನ್ನು ತೊಳೆದು ಒಣಗಿಸಿದ ಮೇಲೆ ಚಿತ್ರಗಳು ಮಸುಕಾಗಿಯೋ, ಅಡ್ಡಡ್ಡ ಪಟ್ಟೆ ಹೊತ್ತೋ, ಒಂದರ ಮೇಲೊಂದು ಏರಿಯೋ ಕಂಡರೆ, ಕ್ಯಾಮೆರಾಕ್ಕೆ ಕೈ ಹಾಕುವ ಮುನ್ನ ಆ ನೆಗೆಟಿವ್‌ಗಳನ್ನು ಕತ್ತರಿಸದೆ, ಅಂಚುಗಳ ಸಮೇತ, ಬೆಳಕಿನ ಪೆಟ್ಟಿಗೆಯ ಮೇಲೆ ಹಾಸಿ ಭೂತಗನ್ನಡಿಯಿಂದ ನೋಡಬೇಕು. ಸ್ಕ್ಯಾನ್ ಮಾಡಿದ ಚಿತ್ರ ಇದಕ್ಕೆ ಸಾಲದು. ಸ್ಕ್ಯಾನರ್ ಚೌಕಟ್ಟಿನ ಹೊರಗಿನ ಅಂಚನ್ನು ಕತ್ತರಿಸಿಬಿಡುತ್ತದೆ, ಆದರೆ ದೋಷದ ಅರ್ಧ ಸಾಕ್ಷ್ಯ ಇರುವುದು ಆ ಅಂಚಿನಲ್ಲೇ. ಮಾರಾಟಕ್ಕೆ ಬರುವ ಹಳೆಯ ಕ್ಯಾಮೆರಾಗಳನ್ನು ನೋಡಿದರೆ, ಕಾಲದಿಂದ ಕೆಟ್ಟವುಗಳಿಗಿಂತ, ದೋಷ ಎಲ್ಲಿದೆಯೆಂದು ಗೊತ್ತಾಗುವ ಮೊದಲೇ ಯಾರೋ ಬಿಚ್ಚಿ ಕೆಡಿಸಿದವುಗಳೇ ನನಗೆ ಹೆಚ್ಚು ಚಿಂತೆ ತರುತ್ತವೆ. ಏಕೆಂದರೆ ಅಂಥವುಗಳಲ್ಲಿ ಮೂಲ ದೋಷದ ಜೊತೆಗೆ ಎರಡನೆಯ ದೋಷವೂ ಸೇರಿರುತ್ತದೆ, ಮತ್ತು ಎರಡನ್ನೂ ಬೇರೆ ಮಾಡಿ ಗುರುತಿಸುವುದು ಬಹಳ ಕಷ್ಟ.

ಪತ್ತೆಯ ದಾರಿ ಈ ಕ್ಯಾಮೆರಾದ ರಚನೆಯಲ್ಲೇ ಇದೆ. 1929ರಲ್ಲಿ ಜರ್ಮನಿಯಲ್ಲಿ ಬಂದ ಮೊದಲ ರೋಲಿಫ್ಲೆಕ್ಸ್‌ನಿಂದ ಹಿಡಿದು ಯಾಶಿಕಾ ಮ್ಯಾಟ್, ಮಿನೋಲ್ಟಾ ಆಟೋಕಾರ್ಡ್, ಮಾಮಿಯಾ ಸಿ330, ಲ್ಯುಬಿಟೆಲ್ ಮತ್ತು ಸೀಗಲ್‌ವರೆಗೆ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಕೂತ ಎರಡು ಕ್ಯಾಮೆರಾಗಳು. ಮೇಲಿನ ಲೆನ್ಸ್ ಕನ್ನಡಿಯ ಮೂಲಕ ಮಸುಕು ಗಾಜಿನ ಪರದೆಗೆ ಬಿಂಬ ಕಳಿಸುತ್ತದೆ, ಕೆಳಗಿನದು ಶಟರ್ ಮೂಲಕ ಫಿಲ್ಮ್‌ಗೆ ಕಳಿಸುತ್ತದೆ. ಆದ್ದರಿಂದ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ದೋಷ ಮೇಲಿನ ಕ್ಯಾಮೆರಾದ್ದೋ, ಕೆಳಗಿನದ್ದೋ, ಅಥವಾ ಎರಡರ ನಡುವಿನ ಹೊಂದಾಣಿಕೆಯದ್ದೋ? ಪರದೆ ಮಂಕಾಗಿದೆ, ಕನ್ನಡಿಯ ಲೇಪ ಕಪ್ಪಿಟ್ಟಿದೆ, ಮೇಲಿನ ಲೆನ್ಸಿನಲ್ಲಿ ಫಂಗಸ್ ಬೆಳೆದಿದೆ ಎಂಬ ದೂರುಗಳೆಲ್ಲ ನೋಡುವುದಕ್ಕೆ ತೊಂದರೆ ಕೊಡುತ್ತವೆಯೇ ಹೊರತು ಫಿಲ್ಮ್ ಮೇಲೆ ಅವುಗಳ ಗುರುತು ಬೀಳುವುದಿಲ್ಲ. ಕನ್ನಡಿಯ ಲೇಪ ಗಾಜಿನ ಮುಂದಿನ ಮೈಮೇಲೆಯೇ ಇರುವುದರಿಂದ ಬಟ್ಟೆಯಿಂದ ಉಜ್ಜಿದರೆ ಎದ್ದುಹೋಗುತ್ತದೆ. ಗಾಳಿಯೂದುವ ಬಲ್ಬಿನಿಂದ ಧೂಳು ಹಾರಿಸುವುದಷ್ಟೇ ಮನೆಯಲ್ಲಿ ಮಾಡಬಹುದಾದ ಕೆಲಸ.

ಚಿತ್ರ ಮಸುಕಾಗಿದ್ದರೆ

ಮಸುಕಿನಲ್ಲಿ ಹಲವು ಬಗೆಗಳಿವೆ, ಮತ್ತು ಅವುಗಳನ್ನು ಬೇರ್ಪಡಿಸುವುದೇ ಇಲ್ಲಿನ ಮುಖ್ಯ ಕೆಲಸ. ಚೌಕಟ್ಟಿನಲ್ಲಿ ಯಾವುದೂ ಸ್ಪಷ್ಟವಾಗಿರದೆ, ಬೆಳಕಿನ ಚುಕ್ಕೆಗಳೆಲ್ಲ ಒಂದೇ ದಿಕ್ಕಿಗೆ ಎಳೆದ ಸಣ್ಣ ಗೆರೆಗಳಾಗಿದ್ದರೆ ಅದು ಕೈ ಅಲುಗಿದ ಫಲ, ಕ್ಯಾಮೆರಾದ ದೋಷವಲ್ಲ. ಫೋಕಸ್ ಮಾಡಿದ ಮುಖ ಮಸುಕಾಗಿ, ಅದರ ಹಿಂದಿನ ಗೋಡೆಯೋ ಮುಂದಿನ ಮೇಜೋ ಚೆನ್ನಾಗಿ ಮೂಡಿದ್ದರೆ ಎರಡು ಲೆನ್ಸುಗಳ ಹೊಂದಾಣಿಕೆ ತಪ್ಪಿದೆ. ಒಂದು ಪಕ್ಕ ಸ್ಪಷ್ಟ, ಇನ್ನೊಂದು ಪಕ್ಕ ಮಸುಕು ಎಂದಾದರೆ ಕ್ಯಾಮೆರಾ ಎಲ್ಲೋ ಬಿದ್ದು, ಎರಡು ಲೆನ್ಸುಗಳನ್ನೂ ಹೊತ್ತ ಲೆನ್ಸ್ ಫಲಕ ಓರೆಯಾಗಿರುವ ಸಾಧ್ಯತೆ ಹೆಚ್ಚು. ವಿವರಗಳೆಲ್ಲ ಇದ್ದೂ, ದೀಪ ಮತ್ತು ಆಕಾಶದ ಸುತ್ತ ಹಾಲಿನಂಥ ಪ್ರಭೆ ಹರಡಿ, ಕಪ್ಪು ಕಪ್ಪಾಗಿ ಬರದಿದ್ದರೆ ಕೆಳಗಿನ ಲೆನ್ಸಿನೊಳಗೆ ಮಂಜು ಕಟ್ಟಿದೆ. ಇದನ್ನು ಖಚಿತಪಡಿಸಿಕೊಳ್ಳಲು ಶಟರನ್ನು 'ಬಿ'ಯಲ್ಲಿ (ಗುಂಡಿ ಒತ್ತಿಹಿಡಿದಷ್ಟು ಹೊತ್ತು ಶಟರ್ ತೆರೆದೇ ಇರುವ ಸೆಟ್ಟಿಂಗ್) ತೆರೆದು, ಹಿಂಬಾಗಿಲು ತೆಗೆದು, ಟಾರ್ಚಿನ ಬೆಳಕನ್ನು ಹಿಂದಿನಿಂದ ಓರೆಯಾಗಿ ಹಾಯಿಸಬೇಕು. ನೇರ ನೋಡಿದಾಗ ನಿರ್ಮಲವಾಗಿ ಕಾಣುವ ಗಾಜು ಓರೆ ಬೆಳಕಿನಲ್ಲಿ ತನ್ನ ನಿಜ ಸ್ಥಿತಿಯನ್ನು ತೋರಿಸುತ್ತದೆ: ಒಂದೇ ಸಮನಾದ ಬೂದು ಪೊರೆ ಇದ್ದರೆ ಅದು ಸಾಮಾನ್ಯವಾಗಿ ಎಣ್ಣೆಯ ಆವಿ ಕೂತದ್ದು, ಎಳೆಎಳೆಯಾಗಿ ಕವಲೊಡೆದಿದ್ದರೆ ಫಂಗಸ್, ಅಂಚಿನಿಂದ ಕಾಮನಬಿಲ್ಲಿನ ಬಣ್ಣದ ತೇಪೆ ಒಳಕ್ಕೆ ಸರಿದಿದ್ದರೆ ಎರಡು ಗಾಜುಗಳನ್ನು ಅಂಟಿಸಿದ ಬಾಲ್ಸಮ್ ಬಿಡುತ್ತಿದೆ. ಮೊದಲನೆಯದನ್ನು ಸ್ವಚ್ಛಗೊಳಿಸಬಹುದು. ಎರಡನೆಯದು ಬೇಗ ಸಿಕ್ಕಿದರೆ ಗುಣವಾದೀತು, ತಡವಾದರೆ ಗಾಜಿನ ಮೇಲೆ ಕೊರೆದ ಗುರುತು ಉಳಿಯುತ್ತದೆ. ಮೂರನೆಯದು ಅಂಚಿನಲ್ಲಷ್ಟೇ ಇದ್ದರೆ ಹಾಗೆಯೇ ಬಿಟ್ಟು ಬಳಸುವುದು ಉತ್ತಮ.

ಹೊಂದಾಣಿಕೆಯ ದೋಷಕ್ಕೆ ಸ್ವಲ್ಪ ಹೆಚ್ಚು ಸಮಯ ಕೊಡಬೇಕು, ಏಕೆಂದರೆ ಇಲ್ಲಿ ತಪ್ಪಿನ ಅಳತೆ ಕಣ್ಣಿಗೆ ಕಾಣದಷ್ಟು ಚಿಕ್ಕದು, ಪರಿಣಾಮ ಮಾತ್ರ ದೊಡ್ಡದು. 75 ಮಿಲಿಮೀಟರ್ ಲೆನ್ಸಿನಲ್ಲಿ ಪರದೆಗೂ ಫಿಲ್ಮ್‌ಗೂ ನಡುವೆ 0.2 ಮಿಲಿಮೀಟರ್ ವ್ಯತ್ಯಾಸ ಬಂದಿದೆ ಎಂದುಕೊಳ್ಳಿ. ಒಂದು ಮೀಟರ್ ದೂರದ ವಸ್ತುವಿಗೆ ಫೋಕಸ್ ಸುಮಾರು 3 ಸೆಂಟಿಮೀಟರ್ ಜಾರುತ್ತದೆ, ಎರಡು ಮೀಟರಿನಲ್ಲಿ ಸುಮಾರು 13 ಸೆಂಟಿಮೀಟರ್, ಐದು ಮೀಟರಿನಲ್ಲಿ 85 ಸೆಂಟಿಮೀಟರಿಗೂ ಹೆಚ್ಚು. ಎರಡು ಮೀಟರ್ ದೂರದಲ್ಲಿ ಕೂತವರ ಕಣ್ಣಿಗೆ ಫೋಕಸ್ ಮಾಡಿದರೆ ಕಿವಿಯ ಹಿಂದಿನ ಕೂದಲು ಸ್ಪಷ್ಟವಾಗುವುದು ಹೀಗೆಯೇ. ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ) ಎಫ್/11ಕ್ಕೆ ಕಿರಿದಾಗಿಸಿ ತೆಗೆದ ಚಿತ್ರಗಳಲ್ಲಿ ಈ ತಪ್ಪು ಮುಚ್ಚಿಹೋಗುವುದರಿಂದ, ಬಿಸಿಲಿನಲ್ಲಿ ಚೆನ್ನಾಗಿ ಬರುವ ಕ್ಯಾಮೆರಾ ಮನೆಯೊಳಗೆ ಮಾತ್ರ ಕೈಕೊಡುತ್ತದೆ ಎಂಬ ದೂರು ಬಂದರೆ ಮೊದಲು ಇದನ್ನೇ ಅನುಮಾನಿಸಬೇಕು.

ಪರೀಕ್ಷೆಗೆ ಬೇಕಾದುದು ಟ್ರೈಪಾಡ್, ಕೇಬಲ್ ರಿಲೀಸ್ ಮತ್ತು ಮಸುಕು ಗಾಜಿನ ಒಂದು ತುಂಡು. ಗಾಜು ಸಿಗದಿದ್ದರೆ ಅರೆಪಾರದರ್ಶಕ ಮ್ಯಾಟ್ ಟೇಪನ್ನು ಸುಕ್ಕಿಲ್ಲದಂತೆ ಬಿಗಿಯಾಗಿ ಅಂಟಿಸಿದರೂ ನಡೆದೀತು. ಫಿಲ್ಮ್ ಕಿಟಕಿಯ ಎರಡೂ ಬದಿಯಲ್ಲಿ ಸಾಮಾನ್ಯವಾಗಿ ಎರಡೆರಡು ಹಳಿಗಳಿರುತ್ತವೆ. ಒಳಗಿನ ತಗ್ಗಾದ ಜೋಡಿಯ ಮೇಲೆ ಫಿಲ್ಮ್ ಸಾಗುತ್ತದೆ, ಹೊರಗಿನ ಎತ್ತರದ ಜೋಡಿಯ ಮೇಲೆ, ಫಿಲ್ಮನ್ನು ಹಿಂದಿನಿಂದ ಚಪ್ಪಟೆಯಾಗಿಡುವ ಒತ್ತುಫಲಕ ಕೂರುತ್ತದೆ. ಪರೀಕ್ಷಾ ಗಾಜು ಒಳಗಿನ ಹಳಿಗಳ ಮೇಲೆಯೇ, ಮಸುಕು ಮೈ ಲೆನ್ಸಿನ ಕಡೆಗಿರುವಂತೆ ಕೂರಬೇಕು. ಅಗಲ ಹೆಚ್ಚಾಗಿ ಹೊರಗಿನ ಹಳಿಯ ಮೇಲೆ ಕೂತರೆ ನೀವು ಹುಡುಕುತ್ತಿರುವಷ್ಟೇ ದೊಡ್ಡ ತಪ್ಪನ್ನು ನೀವೇ ಸೇರಿಸಿದಂತಾಗುತ್ತದೆ. ಶಟರನ್ನು 'ಬಿ'ಯಲ್ಲಿ ತೆರೆದಿಟ್ಟು, ಅಪರ್ಚರನ್ನು ಪೂರ್ತಿ ತೆರೆದು, ಮೊದಲು ಬಹುದೂರದ ಕಂಬವನ್ನೋ ಕಟ್ಟಡದ ಅಂಚನ್ನೋ, ಆಮೇಲೆ ಒಂದೂವರೆ ಮೀಟರ್ ದೂರದಲ್ಲಿ ಓರೆಯಾಗಿ ನಿಲ್ಲಿಸಿದ ಅಳತೆಪಟ್ಟಿಯನ್ನು ನೋಡಬೇಕು. ಮೇಲಿನ ಪರದೆಯಲ್ಲಿ ಸ್ಪಷ್ಟ ಕಾಣುವ ಗೆರೆಯೇ ಹಿಂದಿನ ಗಾಜಿನಲ್ಲೂ ಸ್ಪಷ್ಟವಿರಬೇಕು. ಎರಡು ಕಡೆಯೂ ಭೂತಗನ್ನಡಿ ಬಳಸುವುದು ಕಡ್ಡಾಯ, ಮತ್ತು ಅದನ್ನು ಮೊದಲು ಗಾಜಿನ ಮಸುಕು ಮೈಯ ಕಣಗಳಿಗೆ ಹೊಂದಿಸಿಕೊಳ್ಳಬೇಕು. ಹೀಗೆ ಮಾಡದಿದ್ದರೆ ನಿಮ್ಮ ಕಣ್ಣು ಗಾಜನ್ನು ಬಿಟ್ಟು ಗಾಳಿಯಲ್ಲಿ ಮೂಡಿದ ಬಿಂಬವನ್ನು ಹಿಡಿದುಬಿಡುತ್ತದೆ. ಹೊಸದಾಗಿ ಹಾಕಿಸಿದ ಹೆಚ್ಚು ಪ್ರಕಾಶದ ಪರದೆಗಳಲ್ಲಿ ಇದು ಬಹಳ ಸಲ ಆಗುತ್ತದೆ.

ಇಲ್ಲಿ ಸಿಗುವ ಉತ್ತರ ಕಾರಣವನ್ನೂ ಹೇಳುತ್ತದೆ. ದೂರಕ್ಕೂ ಹತ್ತಿರಕ್ಕೂ ಎರಡು ಬಿಂಬಗಳು ಒಂದೇ ದಿಕ್ಕಿನಲ್ಲಿ ತಪ್ಪುತ್ತಿದ್ದು, ತಪ್ಪನ್ನು ಸರಿಗಟ್ಟಲು ಲೆನ್ಸ್ ಫಲಕವನ್ನು ಎರಡೂ ಕಡೆ ಸುಮಾರು ಅಷ್ಟೇ ಸರಿಸಬೇಕಾದರೆ ಪರದೆಯ ಎತ್ತರವೋ ಕನ್ನಡಿಯ ಸ್ಥಾನವೋ ಬದಲಾಗಿದೆ, ಇಲ್ಲವೇ ಯಾವುದೋ ಲೆನ್ಸ್ ತನ್ನ ನೆಲೆಯಲ್ಲಿ ಪೂರ್ತಿ ಕೂತಿಲ್ಲ. ದೂರಕ್ಕೆ ಸರಿಯಿದ್ದು ಹತ್ತಿರಕ್ಕೆ ಬಂದಂತೆ ತಪ್ಪು ಹೆಚ್ಚುತ್ತಿದ್ದರೆ ಎರಡು ಲೆನ್ಸುಗಳ ಫೋಕಲ್ ಉದ್ದವೇ ಹೊಂದುತ್ತಿಲ್ಲ. ಬೇರೆ ಕ್ಯಾಮೆರಾದ ಲೆನ್ಸನ್ನು ತಂದು ಜೋಡಿಸಿದ್ದಾಗ ಅಥವಾ ಸ್ವಚ್ಛಗೊಳಿಸಿದ ಮೇಲೆ ಮುಂಗಾಜಿನ ಭಾಗವನ್ನು ಪೂರ್ತಿ ಬಿಗಿಯದಿದ್ದಾಗ ಹೀಗಾಗುತ್ತದೆ. ಲ್ಯುಬಿಟೆಲ್‌ನಲ್ಲಿ ಎರಡು ಲೆನ್ಸುಗಳ ಮುಂಭಾಗಗಳು ಹಲ್ಲಿನ ಗಾಲಿಯಂತೆ ಒಂದಕ್ಕೊಂದು ಕಚ್ಚಿಕೊಂಡು ತಿರುಗುವುದರಿಂದ, ಬಿಚ್ಚಿ ಜೋಡಿಸುವಾಗ ಒಂದು ಹಲ್ಲು ಆಚೀಚೆಯಾದರೂ ಹೊಂದಾಣಿಕೆ ಕೆಡುತ್ತದೆ.

ಇನ್ನೊಂದು ದೋಷವನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಅದು ಎಷ್ಟು ಸಾಮಾನ್ಯವೋ ಅಷ್ಟೇ ಸುಲಭವಾಗಿ ಸರಿಯಾಗುವಂಥದ್ದು. ಪರದೆಯನ್ನು ತೊಳೆದವರು ಅದನ್ನು ತಲೆಕೆಳಗಾಗಿ ಕೂರಿಸಿರುತ್ತಾರೆ. ಸಾಮಾನ್ಯ ಗಾಜಿನ ಪರದೆಯಲ್ಲಿ ಮಸುಕು ಮೈ ಕೆಳಗೆ, ಕನ್ನಡಿಯ ಕಡೆಗಿರಬೇಕು. ಅದು ಮೇಲಾದರೆ ಬೆಳಕು ಗಾಜಿನ ದಪ್ಪವನ್ನು ದಾಟಿ ಹೋಗಿ ಬಿಂಬ ಮೂಡಿಸಬೇಕಾಗುತ್ತದೆ, ಮತ್ತು ಒಂದೂವರೆ ಮಿಲಿಮೀಟರ್ ದಪ್ಪದ ಗಾಜಿನಲ್ಲಿ ಇದು ಹೆಚ್ಚುಕಡಿಮೆ ಒಂದು ಮಿಲಿಮೀಟರಿನಷ್ಟು ತಪ್ಪು ತರುತ್ತದೆ. ಗುರುತು ಹೀಗಿರುತ್ತದೆ: ಫೋಕಸ್ ಗುಂಡಿಯನ್ನು ಅನಂತದ (ಬಹುದೂರದ ವಸ್ತುಗಳ) ತುದಿಗೆ ತಿರುಗಿಸಿದರೂ ದೂರದ ವಸ್ತು ಪರದೆಯಲ್ಲಿ ಸ್ಪಷ್ಟವಾಗುವುದೇ ಇಲ್ಲ, ಮತ್ತು ಹತ್ತಿರದ ಚಿತ್ರಗಳಲ್ಲೆಲ್ಲ ಸ್ಪಷ್ಟತೆ ವಸ್ತುವಿನ ಹಿಂದಕ್ಕೆ ಬಿದ್ದಿರುತ್ತದೆ. ಈ ಎರಡೂ ಸೇರಿ ಕಂಡರೆ ಲೆನ್ಸನ್ನು ಮುಟ್ಟದೆ ಪರದೆಯನ್ನಷ್ಟೇ ತಿರುಗಿಸಿ ನೋಡಿ.

ಪರೀಕ್ಷೆಯಲ್ಲಿ ಎಲ್ಲವೂ ಸರಿಯಿದ್ದು ರೋಲಿನಲ್ಲಿ ಒಂದೆರಡು ಚಿತ್ರ ಮಾತ್ರ ಮಸುಕಾದರೆ ಫಿಲ್ಮ್ ಚಪ್ಪಟೆಯಾಗಿ ನಿಂತಿರಲಿಲ್ಲ ಎಂದರ್ಥ. ರೋಲಿಫ್ಲೆಕ್ಸ್ ಮಾದರಿಯ ಬಹುಪಾಲು ಕ್ಯಾಮೆರಾಗಳಲ್ಲಿ ಫಿಲ್ಮ್ ಕೆಳಗಿನ ಸ್ಪೂಲಿನಿಂದ ಹೊರಟು, ಉರುಳೆಯ ಮೇಲೆ ಬಲವಾಗಿ ಬಾಗಿ, ಮೇಲಕ್ಕೆ ಹೋಗುತ್ತದೆ. ಎರಡು ಚಿತ್ರಗಳ ನಡುವೆ ಹಲವು ದಿನ ಕಳೆದರೆ ಬಾಗಿದ ಜಾಗ ಹಾಗೆಯೇ ನಿಂತು, ಮುಂದಿನ ಚೌಕಟ್ಟಿನೊಳಗೆ ಉಬ್ಬಾಗಿ ಬರುತ್ತದೆ. ಫಿಲ್ಮನ್ನು ಮುಂದಕ್ಕೆ ತಿರುಗಿಸುವ ಕೆಲಸವನ್ನು ಚಿತ್ರ ತೆಗೆಯುವ ಮುನ್ನ ಮಾಡುವುದೇ ಇದಕ್ಕೆ ಪರಿಹಾರ. ಆಟೋಕಾರ್ಡ್‌ನಲ್ಲಿ ಫಿಲ್ಮ್ ಮೇಲಿನಿಂದ ಕೆಳಕ್ಕೆ ಸಾಗುವುದರಿಂದ ಈ ತೊಂದರೆ ಕಡಿಮೆ. ಆದರೆ ಆ ಕ್ಯಾಮೆರಾಕ್ಕೆ ಅದರದ್ದೇ ಒಂದು ಕುಂದಿದೆ: ಒಳಗಿನ ಗ್ರೀಸ್ ಗಟ್ಟಿಯಾದಾಗ ಕೆಳಗಿನ ಫೋಕಸ್ ಸನ್ನೆಯನ್ನು ಬಲವಾಗಿ ತಳ್ಳಿದರೆ ಸನ್ನೆಯೇ ಮುರಿಯುತ್ತದೆ. ಅದು ಬೆರಳಿನ ಸಣ್ಣ ಒತ್ತಡಕ್ಕೆ ಸರಿಯದಿದ್ದರೆ ಅಲ್ಲಿಗೇ ನಿಲ್ಲಿಸಿ, ಗ್ರೀಸ್ ಬದಲಿಸಲು ಕೊಡಬೇಕು.

ಬೆಳಕಿನ ಸೋರಿಕೆ

ಸೋರಿಕೆ ನೆಗೆಟಿವ್‌ನಲ್ಲಿ ಕಪ್ಪಾಗಿಯೂ ಪ್ರಿಂಟಿನಲ್ಲಿ ಬಿಳಿಯಾಗಿಯೂ ಕಾಣುತ್ತದೆ. ಮೊದಲು ನೋಡಬೇಕಾದುದು, ಆ ಕಲೆ ಚೌಕಟ್ಟಿನ ಗೆರೆಯೊಳಗೆ ನಿಲ್ಲುತ್ತದೆಯೋ, ಗೆರೆ ದಾಟಿ ಫಿಲ್ಮಿನ ಬರಿಯ ಅಂಚಿಗೂ ಹರಡಿದೆಯೋ ಎಂಬುದು. ಒಳಗೇ ನಿಂತಿದ್ದರೆ ಬೆಳಕು ಫಿಲ್ಮ್ ಕಿಟಕಿಯ ಮೂಲಕವೇ ಬಂದಿದೆ, ಅಂದರೆ ಮುಂದಿನ ಕಡೆಯಿಂದ: ಪೂರ್ತಿ ಮುಚ್ಚದ ಶಟರ್, ಲೆನ್ಸ್ ಫಲಕದ ಅಂಚು, ಮೇಲಿನ ಕನ್ನಡಿಯ ಕೋಣೆಗೂ ಕೆಳಗಿನ ಕೋಣೆಗೂ ನಡುವಿನ ತಡೆ, ಅಥವಾ ಮಾಮಿಯಾದಲ್ಲಾದರೆ ಬೆಲ್ಲೋಸ್‌ನ (ಲೆನ್ಸ್ ಫಲಕವನ್ನು ಪೆಟ್ಟಿಗೆಗೆ ಜೋಡಿಸುವ ಮಡಿಕೆಯ ಚೀಲ) ಮಡಿಕೆಯಲ್ಲಿ ಬಿದ್ದ ಸೂಜಿತೂತು. ಅಂಚಿಗೂ ಹರಡಿದ್ದರೆ ಬೆಳಕು ಹಿಂಬಾಗಿಲಿನಿಂದ ಬಂದಿದೆ, ಇಲ್ಲವೇ ರೋಲ್ ಕ್ಯಾಮೆರಾದ ಹೊರಗಿದ್ದಾಗ ಒಳನುಗ್ಗಿದೆ. ಈ ಒಂದು ಗುರುತು ಹುಡುಕಾಟದ ಜಾಗವನ್ನು ಅರ್ಧಕ್ಕಿಳಿಸುತ್ತದೆ.

ಆಮೇಲೆ ದಿಕ್ಕು. ಫಿಲ್ಮ್ ಮೇಲೆ ಬಿಂಬ ತಲೆಕೆಳಗಾಗಿ ಬೀಳುವುದರಿಂದ ಚಿತ್ರದ ಆಕಾಶದ ಭಾಗದಲ್ಲಿ ಕಂಡ ಕಲೆ ಕ್ಯಾಮೆರಾದ ಕೆಳಬದಿಯದ್ದು, ನೆಲದ ಭಾಗದಲ್ಲಿ ಕಂಡದ್ದು ಮೇಲ್ಬದಿಯದ್ದು. ಹಿಂಬಾಗಿಲಿನ ಚಿಲಕ ತಳದಲ್ಲೂ ಕೀಲು ಹಿಂದೆ ಮೇಲುಗಡೆಯೂ ಇರುವ ಕ್ಯಾಮೆರಾಗಳಲ್ಲಿ, ಆಕಾಶದ ಕಲೆಗೆ ಚಿಲಕವನ್ನೂ ನೆಲದ ಕಲೆಗೆ ಕೀಲನ್ನೂ ಮೊದಲು ಪರೀಕ್ಷಿಸಬೇಕು. ಎಡಬಲಗಳೂ ಅದಲುಬದಲು: ಚಿತ್ರದ ಬಲಗಡೆಯ ಕಲೆ, ಕ್ಯಾಮೆರಾವನ್ನು ಹಿಂದಿನಿಂದ ಹಿಡಿದಾಗ ಎಡಗಡೆ ಬರುವ ಪಕ್ಕದ್ದು. ಈ ಕ್ಯಾಮೆರಾಗಳಲ್ಲಿ ಫಿಲ್ಮ್ ಲಂಬವಾಗಿ ಸಾಗುವುದರಿಂದ ಸಂಖ್ಯೆಗಳಿರುವ ಅಂಚು ಚಿತ್ರದ ಎಡಬಲಗಳಲ್ಲಿಯೂ, ಎರಡು ಚಿತ್ರಗಳ ನಡುವಿನ ಖಾಲಿ ಜಾಗ ಮೇಲೆ ಕೆಳಗೂ ಇರುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಗೊಂದಲವಾಗದು.

ಯಾವ ಚೌಕಟ್ಟಿನಲ್ಲಿ ಕಲೆಯಿದೆ ಎಂಬುದೂ ಮುಖ್ಯ. ಹೊಸ ರೋಲಿನಲ್ಲಿ ಹೊರಸುತ್ತಿನಲ್ಲಿರುವುದು ಒಂದನೆಯ ಚಿತ್ರದ ಜಾಗ, ತೆಗೆದು ಮುಗಿದ ರೋಲಿನಲ್ಲಿ ಹನ್ನೆರಡನೆಯದು. ಹಾಗಾಗಿ ಒಂದನೆಯದರಲ್ಲಷ್ಟೇ ಕಲೆಯಿದ್ದರೆ ರೋಲ್ ಹಾಕುವಾಗ, ಹನ್ನೆರಡನೆಯದರಲ್ಲಷ್ಟೇ ಇದ್ದರೆ ತೆಗೆಯುವಾಗ ಬೆಳಕು ತಾಕಿದೆ. ಎರಡೂ ಅಂಚಿನಿಂದ ಅಲೆಅಲೆಯಾಗಿ ಒಳಬಂದ ಕಪ್ಪು, ರೋಲ್ ಸಡಿಲವಾಗಿ ಸುತ್ತಿಕೊಂಡಿತ್ತೆಂದು ಹೇಳುತ್ತದೆ. ಇದಕ್ಕೆ ಕಾರಣ ಸ್ಪೂಲನ್ನು ಒತ್ತಿಹಿಡಿಯುವ ಸ್ಪ್ರಿಂಗ್ ಪಟ್ಟಿ ಬಲ ಕಳೆದುಕೊಂಡಿರುವುದು, ಅದನ್ನು ಸ್ವಲ್ಪ ಬಾಗಿಸಿದರೆ ಸರಿಹೋಗುತ್ತದೆ. ಒಂದೇ ಒಂದು ಚಿತ್ರದಲ್ಲಿ ದಟ್ಟ ಕಲೆಯಿದ್ದು ಉಳಿದವು ಶುದ್ಧವಾಗಿದ್ದರೆ, ಆ ಚೌಕಟ್ಟು ಬಿಸಿಲಿನಲ್ಲಿ ಬಹಳ ಹೊತ್ತು ಕಾದಿತ್ತು: ಸೋರಿಕೆ ಸಣ್ಣದು, ಆದರೆ ಇದೆ. ಯಾಶಿಕಾಗಳ ಹಿಂಬಾಗಿಲಿನ ಫೋಮ್ ಪಟ್ಟಿ ದಶಕಗಳ ನಂತರ ಕರಗಿ ಅಂಟಂಟಾಗುವುದು ಇದರ ಸಾಮಾನ್ಯ ಮೂಲ. ಹಳೆಯದನ್ನು ಮರದ ಕಡ್ಡಿಯಿಂದ ಕೆರೆದು ತೆಗೆದು ಹೊಸ ಪಟ್ಟಿ ಅಂಟಿಸುವುದು ಯಾರಾದರೂ ಮಾಡಬಹುದಾದ ಕೆಲಸ. ಲ್ಯುಬಿಟೆಲ್ ಮತ್ತು ಯಾಶಿಕಾ ಎ ಮಾದರಿಗಳಲ್ಲಿ ಸಂಖ್ಯೆ ನೋಡುವ ಕೆಂಪು ಕಿಟಕಿ ಇದೆ. ಇಂದಿನ ಫಿಲ್ಮ್‌ಗಳು ಹೆಚ್ಚಾಗಿ ಕೆಂಪು ಬೆಳಕಿಗೂ ಸ್ಪಂದಿಸುವುದರಿಂದ ಅದರ ಮುಚ್ಚಳವನ್ನು ನೆರಳಿನಲ್ಲಿ, ಫಿಲ್ಮ್ ತಿರುಗಿಸುವಷ್ಟು ಹೊತ್ತು ಮಾತ್ರ ತೆರೆಯಬೇಕು. ಚಿತ್ರದ ಆಕಾಶದಲ್ಲಿ, ಫಿಲ್ಮಿನ ಜೊತೆ ಸುತ್ತಿ ಬರುವ ಹಿಂಬದಿ ಕಾಗದದ ಅಂಕಿ ಅಥವಾ ಚುಕ್ಕೆಗಳ ಮುದ್ರೆ ಮಾತ್ರ ಕಂಡರೆ ಅದು ತೇವ ಮತ್ತು ಸೆಕೆಯಿಂದ ಕಾಗದ ಫಿಲ್ಮ್‌ಗೆ ತಾಕಿ ಬಂದದ್ದು, ಅದಕ್ಕೆ ಕ್ಯಾಮೆರಾವನ್ನು ದೂರಬೇಕಾಗಿಲ್ಲ.

ಮುಂದಿನ ಕಡೆಯ ಸೋರಿಕೆಯನ್ನು ಒಂದು ಅಗ್ಗದ ರೋಲಿನಿಂದ ಖಚಿತಪಡಿಸಬಹುದು. ಒಂದು ಚೌಕಟ್ಟನ್ನು ಲೆನ್ಸ್ ಮುಚ್ಚಳ ತೆಗೆದು, ಶಟರ್ ಒತ್ತದೆ, ಬಿಸಿಲಿಗೆ ಮುಖಮಾಡಿ ಐದು ನಿಮಿಷ ಇಡಬೇಕು, ಸೂರ್ಯ ಮಾತ್ರ ನೇರ ಲೆನ್ಸಿಗೆ ಬೀಳದಿರಲಿ. ಮುಂದಿನದನ್ನು ಮುಚ್ಚಳ ಹಾಕಿ ಅಷ್ಟೇ ಹೊತ್ತು, ಅದರ ಮುಂದಿನದನ್ನು ಮುಚ್ಚಳ ಹಾಕಿ ಪರದೆಯ ಮೇಲಿನ ಮಡಚುವ ಹುಡ್ ತೆರೆದು ಇಡಬೇಕು. ಪ್ರತಿ ಸಲವೂ ಮುಚ್ಚಳ ಹಾಕಿ ಕತ್ತಲಲ್ಲಿ ಶಟರ್ ಬಿಟ್ಟು ಫಿಲ್ಮ್ ಮುಂದೆ ಸಾಗಿಸಬೇಕು. ಮೊದಲನೆಯದು ಮಾತ್ರ ಕಪ್ಪಾದರೆ ದೋಷ ಶಟರಿನದ್ದು, ಮೂರನೆಯದು ಮಾತ್ರ ಕಪ್ಪಾದರೆ ಪರದೆಯ ಕಡೆಯ ಬೆಳಕು ಕೆಳಗಿಳಿಯುತ್ತಿದೆ, ಮೂರೂ ಕಪ್ಪಾದರೆ ಲೆನ್ಸ್ ಫಲಕದ ಅಂಚು ಅಥವಾ ಬೆಲ್ಲೋಸ್ ಅನ್ನು ಹುಡುಕಬೇಕು. ಕತ್ತಲ ಕೋಣೆಯಲ್ಲಿ ಕ್ಯಾಮೆರಾದೊಳಗೆ ಪುಟ್ಟ ದೀಪವಿಟ್ಟು ನೋಡುವ ಪದ್ಧತಿಯೂ ಇದೆ. ದೊಡ್ಡ ತೂತನ್ನು ಅದು ಬೇಗ ತೋರಿಸುತ್ತದೆ, ಆದರೆ ಫಿಲ್ಮ್ ನಿಮಿಷಗಟ್ಟಲೆ ಕೂಡಿಸಿಕೊಳ್ಳುವ ಮಂದ ಬೆಳಕು ಕಣ್ಣಿಗೆ ಕಾಣದೇ ಹೋಗಬಹುದು.

ಶಟರ್

ಶಟರಿನ ವಿಷಯದಲ್ಲಿ ಮೊದಲ ಕ್ಲಿಕ್ ಬಹಳ ಮುಖ್ಯ. ತಿಂಗಳುಗಟ್ಟಲೆ ಕಪಾಟಿನಲ್ಲಿದ್ದ ಕ್ಯಾಮೆರಾವನ್ನು ಹತ್ತಾರು ಸಲ ಕ್ಲಿಕ್ಕಿಸಿ 'ಸರಿಯಾಗಿದೆ' ಎನ್ನುವುದು ಪರೀಕ್ಷೆಯಲ್ಲ, ಏಕೆಂದರೆ ಅಂಟಿಕೊಂಡ ಎಲೆಗಳು (ತೆರೆದು ಮುಚ್ಚುವ ತೆಳು ಲೋಹದ ಹಾಳೆಗಳು) ಆ ಹೊತ್ತಿಗೆ ಬಿಟ್ಟುಕೊಂಡಿರುತ್ತವೆ. ಹಿಂಬಾಗಿಲು ತೆರೆದು, ಒಂದು ಸೆಕೆಂಡಿಗೆ ಹೊಂದಿಸಿ, ಫೋನಿನ ನಿಧಾನಗತಿಯ ವಿಡಿಯೊ ಚಾಲೂ ಮಾಡಿಯೇ ಮೊದಲ ಸಲ ಒತ್ತಬೇಕು. ಸೆಕೆಂಡಿಗೆ 240 ಚಿತ್ರ ಹಿಡಿಯುವ ಫೋನಿನಲ್ಲಿ ಒಂದೊಂದು ಚಿತ್ರವೂ ಸುಮಾರು 4 ಮಿಲಿಸೆಕೆಂಡ್. 1/15ರಲ್ಲಿ ಶಟರ್ 16 ಚಿತ್ರಗಳಷ್ಟು ಹೊತ್ತು, 1/60ರಲ್ಲಿ 4 ಚಿತ್ರಗಳಷ್ಟು ಹೊತ್ತು ತೆರೆದಿರಬೇಕು. 1/250 ಮತ್ತು 1/500ಕ್ಕೆ ಈ ವಿಧಾನ ಸಾಲದು, ಅಲ್ಲಿ ಬೆಳಕು ಅಳೆಯುವ ಸಂವೇದಕ ಬೇಕು.

ವೇಗದ ಸೆಟ್ಟಿಂಗ್‌ಗಳು ಸರಿಯಿದ್ದು ಒಂದು ಸೆಕೆಂಡಿನಿಂದ 1/15ರವರೆಗೆ ಮಾತ್ರ ತಡವರಿಸಿದರೆ, ನಡುವೆ ನಿಂತುಬಿಟ್ಟರೆ, ನಿಧಾನ ವೇಗಗಳನ್ನು ನಿಯಂತ್ರಿಸುವ ಪುಟ್ಟ ಗಾಲಿಗಳ ಎಣ್ಣೆ ಒಣಗಿ ಗಟ್ಟಿಯಾಗಿದೆ. ಎಲ್ಲ ವೇಗಗಳೂ ನಿಧಾನವಾಗಿದ್ದು ನೆಗೆಟಿವ್‌ಗಳು ಒಂದೇ ಸಮನೆ ದಟ್ಟವಾಗಿದ್ದರೆ ಎಲೆಗಳ ಮೇಲೆ ಎಣ್ಣೆ ಬಂದಿದೆ. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದರೆ ಒಣ ಎಲೆ ಮಂಕಾದ ಉಕ್ಕಿನ ಬೂದುಬಣ್ಣಕ್ಕಿರುತ್ತದೆ, ಎಣ್ಣೆ ಬಂದದ್ದು ಎಲೆಗಳು ಕೂಡುವ ಕಡೆ ಒದ್ದೆಯಂತೆ ಹೊಳೆಯುತ್ತದೆ. ಅಂಗಡಿಯಲ್ಲಿ ಸಿಗುವ ಲೈಟರ್ ದ್ರಾವಣವನ್ನು ಮುಂದಿನಿಂದ ಹನಿಸುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಅದು ಗಟ್ಟಿ ಎಣ್ಣೆಯನ್ನು ಕರಗಿಸಿ ಎಲೆಗಳ ಮೇಲೂ ಹಿಂದಿನ ಗಾಜಿನ ಮೇಲೂ ಹರಡುತ್ತದೆ, ಕೆಲವು ವಾರ ಚೆನ್ನಾಗಿ ಓಡಿದ ಶಟರ್ ಮತ್ತೆ ಅಂಟುತ್ತದೆ. ಈ ಕೆಲಸವನ್ನು ಶಟರ್ ಬಿಚ್ಚಿ ಶುಚಿಮಾಡಬಲ್ಲವರಿಗೇ ಬಿಡಬೇಕು. ಆದರೆ 1/250 ಎಂಬುದು ಅಳತೆಯಲ್ಲಿ 1/200 ಬಂದರೆ ಚಿಂತೆ ಬೇಡ, ಮೂರನೇ ಒಂದು ಸ್ಟಾಪ್ ಅಷ್ಟೇ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟಾಗುವುದು), ನೆಗೆಟಿವ್ ಫಿಲ್ಮ್ ಅದನ್ನು ತಾಳಿಕೊಳ್ಳುತ್ತದೆ.

ಹಳೆಯ ಶಟರ್‌ಗಳಲ್ಲಿ ಅತಿ ಹೆಚ್ಚಿನ ವೇಗಕ್ಕೆ ಹೆಚ್ಚುವರಿ ಸ್ಪ್ರಿಂಗ್ ಇರುವುದುಂಟು, ಆದ್ದರಿಂದ ಆ ವೇಗವನ್ನು ಶಟರ್ ಏರಿಸುವ (ಅದರ ಸ್ಪ್ರಿಂಗನ್ನು ಬಿಗಿಗೊಳಿಸುವ) ಮೊದಲೇ ಹೊಂದಿಸಬೇಕು. ಸೆಲ್ಫ್ ಟೈಮರನ್ನು ಮುಟ್ಟದಿರುವುದು ಕ್ಷೇಮ. ಅದು ನಡುದಾರಿಯಲ್ಲಿ ನಿಂತರೆ ಇಡೀ ಶಟರನ್ನೇ ಕಟ್ಟಿಹಾಕುತ್ತದೆ.

ಗುಂಡಿ ಒತ್ತಿದರೂ ಶಟರ್ ಬಿಡದಿದ್ದರೆ ಒತ್ತಡ ಹೆಚ್ಚಿಸಬೇಡಿ. ಕೆಲವು ಮಾದರಿಗಳಲ್ಲಿ ಗುಂಡಿಯ ಸುತ್ತ ಬೀಗದ ಉಂಗುರವಿರುತ್ತದೆ. ಮಾಮಿಯಾದಲ್ಲಿ ಲೆನ್ಸ್ ಬದಲಿಸುವಾಗ ತಿರುಗಿಸುವ ಗುಂಡಿ ಮರಳಿ ಬೀಗದ ಸ್ಥಾನಕ್ಕೆ ಬಂದಿರದಿದ್ದರೂ ಶಟರ್ ಬಿಡುವುದಿಲ್ಲ.

ಫಿಲ್ಮ್ ಸಾಗಣೆ

ಫಿಲ್ಮ್ ಸುತ್ತುವ ಹಿಡಿಕೆ (ಕ್ರ್ಯಾಂಕ್) ಎಲ್ಲೂ ನಿಲ್ಲದೆ ತಿರುಗುತ್ತ ಹೋಗಿ ರೋಲ್ ಮುಗಿದೇಹೋದರೆ, 1937ರಿಂದ ಬಂದ ಆಟೊಮ್ಯಾಟ್ ಮಾದರಿಯ ರೋಲಿಫ್ಲೆಕ್ಸ್‌ಗಳಲ್ಲಿ ಕಾರಣ ಒಂದೇ ಇರುವುದು ಹೆಚ್ಚು: ಹಿಂಬದಿ ಕಾಗದವನ್ನು ಕೆಳಗಿನ ಸಂವೇದಕ ಉರುಳೆಗಳ ನಡುವೆ ತೂರಿಸದೆ ಮೇಲಿಂದ ಹಾಯಿಸಲಾಗಿದೆ. ಆ ಉರುಳೆಗಳು ಕಾಗದಕ್ಕೆ ಫಿಲ್ಮ್ ಅಂಟಿಸಿದ ಜಾಗದ ದಪ್ಪವನ್ನು ಗುರುತಿಸಿ ಎಣಿಕೆ ಶುರುಮಾಡುತ್ತವೆ. ಚಿತ್ರ ತೆಗೆದಿಲ್ಲವಾದ್ದರಿಂದ ಆ ರೋಲ್ ಹಾಳಾಗಿಲ್ಲ, ಪೂರ್ಣ ಕತ್ತಲಲ್ಲಿ ಮೊದಲಿನ ಸ್ಪೂಲಿಗೆ ಬಿಗಿಯಾಗಿ ಸುತ್ತಿ ಮತ್ತೆ ಬಳಸಬಹುದು. ಬಾಣದ ಗುರುತನ್ನು ಚುಕ್ಕೆಗೆ ಹೊಂದಿಸುವ ಕ್ಯಾಮೆರಾಗಳಲ್ಲಿ ಒಂದನೆಯ ಅಥವಾ ಹನ್ನೆರಡನೆಯ ಚಿತ್ರ ಮಾತ್ರ ಕತ್ತರಿಸಿಹೋದರೆ ತಪ್ಪು ಆ ಹೊಂದಿಕೆಯಲ್ಲಿದೆ. ಚಿತ್ರಗಳ ನಡುವಿನ ಅಂತರ ಒಮ್ಮೆ ಅಗಲವಾಗಿ ಒಮ್ಮೆ ಮಾಯವಾಗುತ್ತಿದ್ದರೆ ಸ್ಪೂಲ್ ಜಾರುತ್ತಿದೆ: ಬಿಗಿಹಿಡಿಯುವ ಸ್ಪ್ರಿಂಗನ್ನೂ ಮೇಲಿನ ಸ್ಪೂಲಿನ ತೋಡಿನಲ್ಲಿ ಕೀಲಿ ಪೂರ್ತಿ ಕೂತಿದೆಯೇ ಎಂಬುದನ್ನೂ ನೋಡಬೇಕು. 120 ಮತ್ತು 220 ಎಂಬ ಎರಡು ಬಗೆಯ ರೋಲ್‌ಗಳಿಗೂ ಒಗ್ಗುವ ಯಾಶಿಕಾ 124 ಮಾದರಿಗಳಲ್ಲಿ ಒತ್ತುಫಲಕದ ಸ್ಥಾನ ತಪ್ಪಿದ್ದರೆ ಸಾಗಣೆಯೂ ಎಣಿಕೆಯೂ ಕೆಡುತ್ತವೆ. ಬೇರೇನನ್ನೂ ಹುಡುಕುವ ಮೊದಲು ಅದು 120ರಲ್ಲಿದೆಯೇ ನೋಡಿ.

ಫ್ಲ್ಯಾಶ್ ಮತ್ತು ಮೀಟರ್

ಎಲೆಕ್ಟ್ರಾನಿಕ್ ಫ್ಲ್ಯಾಶ್ ಬೆಳಗಿದ್ದೂ ಚಿತ್ರ ಖಾಲಿ ಬಂದರೆ, ಫ್ಲ್ಯಾಶ್ ಬೆಳಗುವ ಕ್ಷಣವನ್ನು ಹೊಂದಿಸುವ ಸನ್ನೆ ಹಳೆಯ ಫ್ಲ್ಯಾಶ್ ಬಲ್ಬುಗಳಿಗೆಂದಿರುವ 'ಎಂ'ನಲ್ಲಿದೆ. ಅಲ್ಲಿ ಶಟರ್ ತೆರೆಯುವ ಮೊದಲೇ ಫ್ಲ್ಯಾಶ್ ಮುಗಿದಿರುತ್ತದೆ, 'ಎಕ್ಸ್'ಗೆ ತಂದರೆ ಸಾಕು. ಯಾಶಿಕಾ ಮ್ಯಾಟ್ 124ಜಿಯ ಬೆಳಕು ಅಳೆಯುವ ಮೀಟರ್ 1.35 ವೋಲ್ಟಿನ ಪಾದರಸದ ಬ್ಯಾಟರಿಗೆ ಹೊಂದಿಸಿದ್ದು. ಅದರಲ್ಲಿ 1.5 ವೋಲ್ಟಿನದನ್ನು ಹಾಕಿದರೆ ಬೆಳಕು ಹೆಚ್ಚಿದೆಯೆಂದು ತೋರಿಸಿ ನೆಗೆಟಿವ್ ತೆಳುವಾಗುತ್ತದೆ. ನಂಬಿಕೆಯ ಬೇರೊಂದು ಮೀಟರ್ ಜೊತೆ ಹೋಲಿಸಿ, ವ್ಯತ್ಯಾಸ ಎಲ್ಲ ಬೆಳಕಿನಲ್ಲೂ ಒಂದೇ ಸಮವಿದ್ದರೆ ಫಿಲ್ಮ್ ವೇಗದ ಸೆಟ್ಟಿಂಗ್‌ನಲ್ಲಿ ಸರಿದೂಗಿಸಬಹುದು. ಇಲ್ಲದಿದ್ದರೆ ಆ ಮೀಟರನ್ನು ಬಿಟ್ಟುಬಿಡುವುದು ಒಳ್ಳೆಯದು.

ರಿಪೇರಿಗೆ ಕೊಡುವಾಗ ಕ್ಯಾಮೆರಾದ ಜೊತೆ ಆ ನೆಗೆಟಿವ್ ಪಟ್ಟಿಯನ್ನೂ, ಪ್ರತಿ ಚಿತ್ರದ ಅಪರ್ಚರ್, ಶಟರ್ ವೇಗ ಮತ್ತು ದೂರವನ್ನು ಬರೆದ ಹಾಳೆಯನ್ನೂ ಕೊಡಿ. ಮರಳಿ ಬಂದ ಮೇಲೆ ಅಳತೆಪಟ್ಟಿಯ ಪರೀಕ್ಷೆಯನ್ನು ಅದೇ ದೂರದಲ್ಲಿ, ಅದೇ ತೆರೆದ ಅಪರ್ಚರಿನಲ್ಲಿ ಇನ್ನೊಮ್ಮೆ ಮಾಡಿ ಹಳೆಯ ನೆಗೆಟಿವ್ ಪಕ್ಕದಲ್ಲಿಟ್ಟು ನೋಡಬೇಕು. ಶಟರ್ ಶುಚಿಮಾಡಲು ಲೆನ್ಸ್ ಬಿಚ್ಚಿದ್ದರಂತೂ ಇದನ್ನು ಬಿಡಲೇಬಾರದು, ಏಕೆಂದರೆ ಶಟರ್ ಸರಿಯಾಗಿ ಬಂದರೂ ಮುಂಗಾಜಿನ ಭಾಗ ಒಂದು ಸುತ್ತಿನ ಅಲ್ಪಾಂಶ ಸಡಿಲವಿದ್ದರೆ ಹೊಂದಾಣಿಕೆ ಕೆಟ್ಟಿರುತ್ತದೆ.